ಕಂಪನಿ ಕಟ್ಟಿದವರಿಗೆ ಕಲಿಸುವವರು ಯಾರು?

2016ರ ಜನವರಿಯಲ್ಲಿ ದೇಶದ ನಾನಾ ಭಾಗಗಳ ನೂರು ತಂತ್ರಜ್ಞಾನ ಸ್ಟಾರ್ಟ್‌ಅಪ್‌ಗಳ ಸ್ಥಾಪಕರು ಮೈಸೂರಿನಲ್ಲಿ ಸೇರಿದ್ದರು. ಐಸ್ಪಿರ್ಟ್ ಎಂಬ ಸಂಸ್ಥೆ ನಡೆಸಿದ ಮೂರು ದಿನಗಳ ಶಿಬಿರ ಅದು. ಶಿಬಿರದ ನಡುವೆ ಅವರನ್ನು ಜೋಡಿಯಾಗಿ ಕೂರಿಸಿ, ನಿಮ್ಮ ಕಂಪನಿಯ ಜನರನ್ನು ನೀವು ಹೇಗೆ ನಡೆಸುತ್ತೀರಿ ಎಂಬುದನ್ನು ಪರಸ್ಪರ ಹೇಳಿಕೊಳ್ಳಿ, ಸಲಹೆ ಕೊಟ್ಟುಕೊಳ್ಳಿ ಎಂದರು. ಯಾರಿಗೆ ಯಾರು ಜೋಡಿ ಎಂಬುದು ಚೀಟಿ ಎತ್ತಿದ ಹಾಗೆ ತೀರ್ಮಾನವಾಗಿತ್ತು. ಅದರ ಹಿಂದೆ ಒಂದು ಸಂಶೋಧನೆ ಇತ್ತು. ಅಮೆರಿಕದ ವಿಶ್ವವಿದ್ಯಾಲಯಗಳ ನಾಲ್ವರು ಸಂಶೋಧಕರು, ಆರನ್ ಚಟರ್ಜಿ, ಸೊಲೀನ್ ಡೆಲಕೋರ್ಟ್, ಶಾರಿಕ್ ಹಸನ್ ಮತ್ತು ರೆಂಬ್ರಾಂಡ್ ಕೊನಿಂಗ್, ಆ ಮಾತುಕತೆಯ ಫಲ ಏನಾಯಿತೆಂದು ಎರಡು ವರ್ಷ ಬಿಟ್ಟು ನೋಡಿದರು. 2019ರಲ್ಲಿ ವರದಿ ಪ್ರಕಟವಾಯಿತು.

ನಿಗದಿತ ಹೊತ್ತಿಗೆ ಸಭೆ ನಡೆಸುವುದು, ಪ್ರತಿಯೊಬ್ಬರಿಗೂ ಇದು ನಿನ್ನ ಗುರಿ ಎಂದು ಸ್ಪಷ್ಟವಾಗಿ ಹೇಳುವುದು, ಮಾಡಿದ ಕೆಲಸ ಹೇಗಿತ್ತೆಂದು ಆಗಾಗ ತಿಳಿಸುವುದು: ಇಷ್ಟನ್ನು ತಪ್ಪದೆ ಪಾಲಿಸುತ್ತಿದ್ದ ಜೋಡಿಗಾರರಿಂದ ಸಲಹೆ ಪಡೆದವರ ಕಂಪನಿಗಳು ಉಳಿದವರ ಕಂಪನಿಗಳಿಗಿಂತ ಶೇ 28ರಷ್ಟು ದೊಡ್ಡದಾಗಿ ಬೆಳೆದಿದ್ದವು. ಮುಚ್ಚಿಹೋಗುವ ಸಂಭವವೂ ಅವುಗಳಲ್ಲಿ ಶೇಕಡಾವಾರು 10 ಅಂಶಗಳಷ್ಟು ಕಡಿಮೆ ಇತ್ತು. ಎರಡು ವರ್ಷದ ಹಿಂದಿನ ಒಂದು ಮಾತುಕತೆಯ ಪರಿಣಾಮ ಇದು!

ಆ ವರದಿಯಲ್ಲಿ ಇನ್ನೊಂದು ಅಂಶವಿದೆ. ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ, ಸೊರಬದಂಥ ತಾಲ್ಲೂಕುಗಳಿಂದ ಎದ್ದು ಬಂದು ಕಂಪನಿ ಮಾಡುವವರಿಗೆ ಮುಖ್ಯವಾದದ್ದು ಅದು. ಆಗಲೇ ಎಂಬಿಎ ಓದಿದ್ದವರಿಗೆ, ಸ್ಟಾರ್ಟ್‌ಅಪ್‌ಗಳನ್ನು ಪಳಗಿಸುವ ಆಕ್ಸಿಲರೇಟರ್‌ಗಳಲ್ಲಿ ತರಬೇತಿ ಪಡೆದಿದ್ದವರಿಗೆ ಈ ಸಲಹೆಯಿಂದ ಅಂಥ ಲಾಭವೇನೂ ಆಗಲಿಲ್ಲ. ಲಾಭ ಕಂಡವರು ಅಂಥ ಯಾವ ತರಬೇತಿಯೂ ಇಲ್ಲದೆ ಬಂದಿದ್ದವರು. ಅಂದಮೇಲೆ ನಾಯಕತ್ವದ ಪಾಠ ಯಾರಿಗೆ ಎಲ್ಲರಿಗಿಂತ ದೂರದಲ್ಲಿದೆಯೋ ಅವರಿಗೇ ಅದರ ಉಪಯೋಗ ಹೆಚ್ಚು.

ಇದು ಯಾಕೆ ಹೀಗೆ ಎಂದು ತಿಳಿಯಲು ಒಂದು ಕಂಪನಿಯನ್ನು ಕಲ್ಪಿಸಿಕೊಳ್ಳೋಣ. ಸೊರಬ ತಾಲ್ಲೂಕಿನ ಒಬ್ಬ ಹುಡುಗ. ಶಿವಮೊಗ್ಗದಲ್ಲಿ ಇಂಜಿನಿಯರಿಂಗ್ ಓದಿ, ಬೆಂಗಳೂರಿನಲ್ಲಿ ನಾಲ್ಕು ವರ್ಷ ಕೆಲಸ ಮಾಡಿ ವಾಪಸು ಬಂದಿದ್ದಾನೆ. ಮಳೆಗಾಲದಲ್ಲಿ ಅಡಿಕೆಗೆ ಕೊಳೆರೋಗ ತಗಲುವ ಮೊದಲು ಬೋರ್ಡೋ ದ್ರಾವಣ ಹೊಡೆಯಬೇಕು. ಮರ ಹತ್ತುವ ಕೊನೆಗಾರರು ಸಿಗುತ್ತಿಲ್ಲ. ಆ್ಯಪ್‌ನಲ್ಲಿ ಬುಕ್ ಮಾಡಿದರೆ ಡ್ರೋನ್ ಸಮೇತ ತೋಟಕ್ಕೆ ಜನ ಕಳಿಸುವ ವ್ಯವಸ್ಥೆ ಮಾಡುತ್ತಾನೆ. ಮೊದಲ ವರ್ಷ ಅವನ ಜೊತೆ ಇದ್ದವರು ಮೂವರು: ಕಾಲೇಜಿನ ಗೆಳೆಯ, ಚಿಕ್ಕಪ್ಪನ ಮಗ, ಡ್ರೋನ್ ರಿಪೇರಿ ಬಲ್ಲ ಪಕ್ಕದೂರಿನವನು. ಒಂದೇ ಕೋಣೆ, ಒಂದೇ ಊಟ. ಸಭೆ ಎಂಬ ಪದವೇ ಬೇಕಿರಲಿಲ್ಲ. ಮೂರನೆಯ ವರ್ಷ ಶಿಕಾರಿಪುರದಲ್ಲಿ ಒಂದು ಆಫೀಸು, ಸಾಗರದಲ್ಲಿ ಒಂದು, ಒಟ್ಟು ಇಪ್ಪತ್ತೆಂಟು ಜನ. ಈಗ ಯಾರು ಏನು ಮಾಡುತ್ತಿದ್ದಾರೆಂದು ಅವನಿಗೆ ಗೊತ್ತಾಗುವುದು ಏನಾದರೂ ಕೆಟ್ಟಮೇಲೆ. ಗ್ರಾಹಕರ ಫೋನು ಬರುವುದು ಅವನಿಗೇ. ಕೋಡ್ ಬರೆಯುವ ಹುಡುಗರ ತಪ್ಪು ತಿದ್ದುವವನೂ ಅವನೇ. ಕೆಲಸ ಬಿಟ್ಟು ಹೋದವರು ಯಾಕೆ ಹೋದರೆಂದು ಅವನಿಗೆ ಇವತ್ತಿಗೂ ಗೊತ್ತಿಲ್ಲ.

ಈ ಹುಡುಗನ ಬುದ್ಧಿಗೇನೂ ಮಂಕು ಬಡಿದಿಲ್ಲ. ಕಂಪನಿ ಅವನಿಂದ ಕೇಳುತ್ತಿರುವ ಕೆಲಸವೇ ಬದಲಾಗಿದೆ. ಅಮೆರಿಕದ ಲ್ಯಾರಿ ಗ್ರೈನರ್ 1972ರಲ್ಲೇ ಈ ಘಟ್ಟವನ್ನು ಗುರುತಿಸಿದ್ದರು. ಹೊಸ ಸಂಸ್ಥೆ ಮೊದಲು ಬೆಳೆಯುವುದು ಸ್ಥಾಪಕರ ಸೃಜನಶೀಲತೆಯಿಂದ. ಆ ಬೆಳವಣಿಗೆಯೇ ಮುಂದೆ ನಾಯಕತ್ವದ ಬಿಕ್ಕಟ್ಟನ್ನು ತಂದೊಡ್ಡುತ್ತದೆ ಎಂದು ಅವರು ಬರೆದರು. ಹಾರ್ವರ್ಡ್‌ನಲ್ಲಿದ್ದ ನೋಮ್ ವಾಸರ್ಮನ್ ಅಮೆರಿಕದ 212 ಸ್ಟಾರ್ಟ್‌ಅಪ್‌ಗಳ ಕಥೆ ಕಲೆಹಾಕಿದಾಗ, ಮೂರು ವರ್ಷ ತುಂಬುವಷ್ಟರಲ್ಲಿ ಅರ್ಧದಷ್ಟು ಸ್ಥಾಪಕರು ಸಿಇಒ ಕುರ್ಚಿಯಲ್ಲಿ ಇರಲಿಲ್ಲ. ಹಾಗೆ ಇಳಿದವರಲ್ಲಿ ಬಹುಪಾಲು ಜನ ತಾವಾಗಿ ಇಳಿದವರಲ್ಲ, ಅವರನ್ನು ಇಳಿಸಲಾಗಿತ್ತು.

ಸೊರಬ, ಸಾಗರದ ಕಡೆ ಗಂಧದ ಕೆತ್ತನೆ ಮಾಡುವ ಗುಡಿಗಾರರನ್ನು ನೋಡಿದವರಿಗೆ ಈ ಸಂಕಟ ಬೇಗ ಅರ್ಥವಾದೀತು. ನುರಿತ ಕೈಗೆ ಉಳಿಯನ್ನು ಇನ್ನೊಬ್ಬರಿಗೆ ಕೊಟ್ಟು ಸುಮ್ಮನೆ ಕೂರುವುದು ಕಷ್ಟ. ಕಲಿಯುವವನ ಕೈ ಜಾರಿದರೆ ಹಾಳಾಗುವುದು ಬೆಲೆಬಾಳುವ ಗಂಧ. ಆದರೂ ಕೊಡದೆ ಕಸುಬು ಮುಂದುವರಿಯುವುದಿಲ್ಲ. ತಂತ್ರಜ್ಞಾನದ ಸ್ಥಾಪಕರಲ್ಲಿ ಹೆಚ್ಚಿನವರು ಕಂಪನಿ ಕಟ್ಟಿದ್ದೇ ತಮ್ಮ ಕೈಚಳಕದ ಬಲದಿಂದ. ಅದನ್ನು ಬಿಟ್ಟುಕೊಡಿ ಎಂದರೆ ತಮ್ಮನ್ನೇ ಬಿಟ್ಟುಕೊಡಿ ಎಂದ ಹಾಗೆ ಕೇಳಿಸುತ್ತದೆ.

ಇಲ್ಲಿ ಬರುತ್ತಾರೆ ಕೋಚ್. ಅವರ ಕೆಲಸ ಹೇಗಿರುತ್ತದೆ? ಅದೇ ಕಲ್ಪನೆಯ ಹುಡುಗನನ್ನು ಒಬ್ಬ ಕೋಚ್ ಎದುರು ಕೂರಿಸಿದರೆ ಮಾತು ಹೆಚ್ಚುಕಡಿಮೆ ಹೀಗೆ ಸಾಗುತ್ತದೆ:

“ನಿನ್ನೆ ರಾತ್ರಿ ಎಷ್ಟೊತ್ತಿಗೆ ಮಲಗಿದಿರಿ?”

“ಎರಡು ಗಂಟೆ ಆಯ್ತು ಮೇಡಂ. ಕೋಡ್ ನೋಡ್ತಾ ಕೂತಿದ್ದೆ.”

“ಯಾರು ಬರೆದ ಕೋಡು?”

“ನಮ್ಮ ಹುಡುಗ್ರದ್ದೇ. ಬೆಳಿಗ್ಗೆ ರೈತರಿಗೆ ಹೋಗ್ಬೇಕಿತ್ತಲ್ಲ, ನಾನೇ ಸರಿ ಮಾಡ್ಬಿಟ್ಟೆ.”

“ಸರಿ ಮಾಡಿದ್ದು ಅವರಿಗೆ ಗೊತ್ತಾ?”

“ಬೆಳಿಗ್ಗೆ ನೋಡ್ಕೊಂಡಿರ್ತಾರೆ.”

“ನೋಡಿ ಏನಂದುಕೊಂಡಿರ್ತಾರೆ?”

ಹುಡುಗ ಸ್ವಲ್ಪ ಹೊತ್ತು ಸುಮ್ಮನಾಗುತ್ತಾನೆ. “ಹೆಂಗಿದ್ರೂ ಅಣ್ಣ ತಿದ್ಕೋತಾನೆ ಅಂತ ಅಂದ್ಕೊಂಡಿರ್ತಾರೆ.”

“ಮುಂದಿನ ಸಲ ಅವರು ಬರೆಯೋ ಕೋಡು ಹೇಗಿರುತ್ತೆ?”

ಕೋಚ್ ಇಷ್ಟು ಹೊತ್ತೂ ಒಂದೇ ಒಂದು ಸಲಹೆ ಕೊಟ್ಟಿಲ್ಲ. ತಾನು ಮಾಡುತ್ತಿರುವುದೇನೆಂದು ಹುಡುಗನೇ ಹೇಳುವ ಹಾಗೆ ಮಾಡಿದ್ದಾರೆ. ಮುಂದೆ ಏನು ಮಾಡುತ್ತೀರಿ, ಯಾವತ್ತು ಮಾಡುತ್ತೀರಿ ಎಂದು ಕೇಳಿ, ಅವನು ಒಪ್ಪಿಕೊಂಡದ್ದನ್ನು ಬರೆದಿಟ್ಟು, ಹದಿನೈದು ದಿನ ಬಿಟ್ಟು ಅದನ್ನೇ ಮತ್ತೆ ಕೇಳುತ್ತಾರೆ. ಈ ವಿಧಾನದ ಬೇರು ಇರುವುದು ಟೆನಿಸ್ ಅಂಗಳದಲ್ಲಿ. ತಿಮೋತಿ ಗಾಲ್ವೇ ಎಂಬ ಟೆನಿಸ್ ಶಿಕ್ಷಕ 1974ರಲ್ಲಿ ಬರೆದ ಪುಸ್ತಕದಲ್ಲಿ, ಹೀಗೆ ಹೊಡಿ, ಹಾಗೆ ಹೊಡಿ ಎಂದು ಕೂಗುವುದಕ್ಕಿಂತ ಚೆಂಡನ್ನು ಗಮನಿಸುವಂತೆ ಮಾಡಿದರೆ ಆಟಗಾರ ಬೇಗ ಕಲಿಯುತ್ತಾನೆಂದು ತೋರಿಸಿದರು. ಕಾರ್ ರೇಸ್ ಓಡಿಸುತ್ತಿದ್ದ ಬ್ರಿಟನ್ನಿನ ಜಾನ್ ವಿಟ್ಮೋರ್ ಅದನ್ನು ಕಂಪನಿಗಳಿಗೆ ಒಗ್ಗಿಸಿ 1992ರಲ್ಲಿ ಪುಸ್ತಕ ತಂದರು. ಗುರಿ ಏನು, ಈಗ ಎಲ್ಲಿದ್ದೀರಿ, ಯಾವ ಯಾವ ದಾರಿಗಳಿವೆ, ಯಾವುದನ್ನು ಯಾವಾಗ ಮಾಡುತ್ತೀರಿ ಎಂಬ ನಾಲ್ಕು ಹಂತದ ಪ್ರಶ್ನೆಗಳು ಜಗತ್ತಿನ ಕೋಚ್‌ಗಳ ನಡುವೆ ಇವತ್ತಿಗೂ ಬಳಕೆಯಲ್ಲಿವೆ.

ಸ್ಥಾಪಕನ ಸುತ್ತ ಸಲಹೆ ಕೊಡುವವರಿಗೇನೂ ಬರವಿಲ್ಲ. ಹಣ ಹಾಕಿದವರು ಹೇಳುತ್ತಾರೆ. ಆದರೆ ಅವರ ಹಣ ಅಲ್ಲಿದೆ, ಅವರೆದುರು ತನಗೆ ದಿಕ್ಕು ತೋಚುತ್ತಿಲ್ಲ ಎಂದು ಒಪ್ಪಿಕೊಳ್ಳಲು ಸ್ಥಾಪಕ ಹಿಂಜರಿಯುತ್ತಾನೆ. ಅದೇ ಉದ್ಯಮದಲ್ಲಿ ಪಳಗಿದ ಹಿರಿಯರು ತಮ್ಮ ಅನುಭವ ಹೇಳುತ್ತಾರೆ. ಅದು ಬೆಲೆಯುಳ್ಳದ್ದೇ, ಆದರೂ ಅದು ಅವರ ಕಾಲದ, ಅವರ ಕಂಪನಿಯ ಕಥೆ. ಮನೆಯವರ ಹತ್ತಿರ ಹೇಳಿಕೊಂಡರೆ ಅವರಿಗೆ ಗಾಬರಿ. ಲಾಭ ನಷ್ಟದಲ್ಲಿ ಪಾಲಿಲ್ಲದ, ಕೇಳಿದ್ದನ್ನು ಹೊರಗೆ ಹೇಳದ, ನಿಷ್ಠುರವಾಗಿ ಕೇಳಬಲ್ಲ ಒಬ್ಬರು ಬೇಕಾಗುವುದು ಈ ಕಾರಣಕ್ಕೆ.

ನಿಷ್ಠುರ ಪ್ರಶ್ನೆಯ ಮಾತು ಬಂದಾಗ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯನ್ನು ನೆನೆಯದೆ ಮುಂದೆ ಹೋಗಲಾಗದು. ಅಲ್ಲಮಪ್ರಭುವಿನ ಊರೆಂದು ಪರಂಪರೆ ನಂಬಿಕೊಂಡು ಬಂದಿರುವ ಊರು ಅದು. ಶೂನ್ಯಸಂಪಾದನೆಯಲ್ಲಿ ಅಲ್ಲಮ ಸೊನ್ನಲಿಗೆಗೆ, ಅಂದರೆ ಇಂದಿನ ಸೊಲ್ಲಾಪುರಕ್ಕೆ, ಹೋಗುವ ಪ್ರಸಂಗವಿದೆ. ಅಲ್ಲಿ ಸಿದ್ಧರಾಮ ನೂರಾರು ಜನರನ್ನು ಹಚ್ಚಿ ಕೆರೆ ಕಟ್ಟಿಸುತ್ತಿದ್ದಾನೆ, ಗುಡಿ ಎತ್ತಿಸುತ್ತಿದ್ದಾನೆ. ಊರಿಗೆ ಊರೇ ಅವನನ್ನು ಕೊಂಡಾಡುತ್ತಿದೆ. ಅಲ್ಲಮ ಹೊಗಳುವುದಿಲ್ಲ, ಇಷ್ಟೆಲ್ಲ ಕಟ್ಟಿಸುತ್ತಿರುವ ನೀನು ಯಾರು ಎಂಬಲ್ಲಿಗೆ ಮಾತನ್ನು ಎಳೆಯುತ್ತಾನೆ. ಕೆಲಸಗಾರರು ಸಿಟ್ಟಿಗೇಳುತ್ತಾರೆ. ಸಿದ್ಧರಾಮ ಮೊದಲು ಕೆರಳಿ, ಆಮೇಲೆ ಕೇಳಿಸಿಕೊಂಡು, ಕಡೆಗೆ ಅಲ್ಲಮನ ಜೊತೆ ಕಲ್ಯಾಣಕ್ಕೆ ಹೊರಡುತ್ತಾನೆ. ಆ ಪ್ರಸಂಗದ ಆಧ್ಯಾತ್ಮದ ಆಳವೇ ಬೇರೆ, ಅದನ್ನು ವ್ಯಾಪಾರದ ಪಾಠಕ್ಕೆ ಇಳಿಸುವುದು ಸಲ್ಲದು. ಆದರೂ ದೊಡ್ಡ ಕೆಲಸ ಹಚ್ಚಿಕೊಂಡವನನ್ನು ತಡೆದು ಪ್ರಶ್ನೆ ಕೇಳುವ, ಕೇಳಿಸಿಕೊಂಡವನು ಅದರಿಂದ ಬೆಳೆಯುವ ಪರಿಪಾಠ ಈ ನೆಲಕ್ಕೆ ಹೊಸತಲ್ಲ ಎನ್ನಲು ಇದಕ್ಕಿಂತ ಒಳ್ಳೆಯ ಸಾಕ್ಷಿ ಸಿಗಲಾರದು.

ಸಿಲಿಕಾನ್ ಕಣಿವೆಯಲ್ಲಿ ಈ ಕೆಲಸಕ್ಕೆ ಹೆಸರಾದವರು ಬಿಲ್ ಕ್ಯಾಂಪ್‌ಬೆಲ್. ಮೊದಲು ಕೊಲಂಬಿಯಾ ವಿಶ್ವವಿದ್ಯಾಲಯದ ಅಮೆರಿಕನ್ ಫುಟ್‌ಬಾಲ್ ತಂಡಕ್ಕೆ ಕೋಚ್ ಆಗಿದ್ದು, ಆಮೇಲೆ ಇನ್‌ಟ್ಯೂಟ್ ಕಂಪನಿಯ ಸಿಇಒ ಆದವರು. ಸ್ಟೀವ್ ಜಾಬ್ಸ್, ಗೂಗಲ್‌ನ ಎರಿಕ್ ಶ್ಮಿಟ್ ಮತ್ತು ಲ್ಯಾರಿ ಪೇಜ್ ಇವರ ಮಾತು ಕೇಳುತ್ತಿದ್ದರು. 2001ರಲ್ಲಿ ನಿಮಗೊಬ್ಬ ಕೋಚ್ ಬೇಕು ಎಂಬ ಸಲಹೆ ಬಂದಾಗ ಶ್ಮಿಟ್ ಅವರಿಗೆ ಅದು ರುಚಿಸಿರಲಿಲ್ಲ; ಮುಂದೆ ಅಭಿಪ್ರಾಯ ಬದಲಾಯಿತು. ಅದೇ ಕಾಲದಲ್ಲಿ ಲ್ಯಾರಿ ಪೇಜ್, ಇಂಜಿನಿಯರ್‌ಗಳಿಗೆ ಮ್ಯಾನೇಜರ್‌ಗಳೇ ಬೇಡ ಎಂದು ಆ ಹುದ್ದೆಗಳನ್ನೇ ತೆಗೆದುಹಾಕಿದ್ದರು. ಕ್ಯಾಂಪ್‌ಬೆಲ್ ವಾದಕ್ಕೆ ಇಳಿಯಲಿಲ್ಲ. ಹೋಗಿ ಇಂಜಿನಿಯರ್‌ಗಳನ್ನೇ ಕೇಳೋಣ ಎಂದರು. ಕೇಳಿದಾಗ, ಮ್ಯಾನೇಜರ್ ಬೇಕು, ಅವರಿಂದ ಏನಾದರೂ ಕಲಿಯಬಹುದು, ಇಬ್ಬರಿಗೆ ಹೊಂದದಿದ್ದಾಗ ತೀರ್ಮಾನ ಹೇಳಲು ಒಬ್ಬರಿರಬೇಕು ಎಂಬ ಉತ್ತರ ಬಂತು. ಮುಂದೆ ಗೂಗಲ್ ತನ್ನಲ್ಲಿನ ಒಳ್ಳೆಯ ಮ್ಯಾನೇಜರ್‌ಗಳ ಗುಣ ಏನೆಂದು ಅಂಕಿಅಂಶ ಹಿಡಿದು ಹುಡುಕಿದಾಗ ಪಟ್ಟಿಯ ಮೊದಲ ಸಾಲಿನಲ್ಲಿ ಕಂಡದ್ದು, ಅವರು ಒಳ್ಳೆಯ ಕೋಚ್ ಆಗಿರುತ್ತಾರೆ ಎಂಬುದು.

ನಮ್ಮಲ್ಲಿ? ಬೆಂಗಳೂರಿನ ಮೈಂಡ್‌ಟ್ರೀ ಕಂಪನಿಯ ಉದಾಹರಣೆ ಇನ್ನೂ ಹೆಚ್ಚು ಜನಕ್ಕೆ ತಿಳಿಯಬೇಕು. 1999ರಲ್ಲಿ ಹತ್ತು ಮಂದಿ ಸೇರಿ ಕಟ್ಟಿದ ಸಂಸ್ಥೆ. ಅವರಲ್ಲಿ ಒಬ್ಬರಾದ ಸುಬ್ರೊತೋ ಬಾಗ್ಚಿ 2008ರಲ್ಲಿ ಕಂಪನಿಯ ದಿನನಿತ್ಯದ ಆಡಳಿತದ ಹುದ್ದೆ ಬಿಟ್ಟು ತಮ್ಮನ್ನು ‘ಗಾರ್ಡನರ್’, ಅಂದರೆ ತೋಟಗಾರ, ಎಂದು ಕರೆದುಕೊಂಡರು. ಕಂಪನಿಯ ಮೇಲ್ಮಟ್ಟದ ನೂರು ಮಂದಿಯ ಜೊತೆ ಒಬ್ಬೊಬ್ಬರನ್ನೇ ಕೂರಿಸಿಕೊಂಡು ಮಾತಾಡುವುದು, ಅವರ ಅಂಜಿಕೆ, ಆಸೆ, ಕೊರತೆಗಳನ್ನು ಕೇಳಿ ಮುಂದಿನ ನಾಯಕರಾಗಿ ಬೆಳೆಸುವುದು ಅವರ ಹೊಸ ಕೆಲಸ. ಕಂಪನಿ ಕಟ್ಟಿದವರೇ ತಮ್ಮ ಅಧಿಕಾರ ಬಿಟ್ಟು ಇತರರನ್ನು ಬೆಳೆಸಲು ಪೂರ್ತಿ ಸಮಯ ಕೊಟ್ಟ ಇಂಥ ನಿದರ್ಶನಗಳು ಅಪರೂಪ. ಇನ್ಫೋಸಿಸ್‌ನ ಏಳು ಸ್ಥಾಪಕರಲ್ಲಿ ಒಬ್ಬರಾದ ಎನ್.ಎಸ್. ರಾಘವನ್ ಅವರ ಕೊಡುಗೆಯಿಂದ ಬೆಂಗಳೂರಿನ ಐಐಎಂನಲ್ಲಿ ಹುಟ್ಟಿದ ಎನ್‌ಎಸ್‌ಆರ್‌ಸಿಇಎಲ್ ಕೇಂದ್ರ ಇವತ್ತಿಗೂ ಹೊಸ ಉದ್ಯಮಿಗಳಿಗೆ ಮಾರ್ಗದರ್ಶಕರನ್ನು ಒದಗಿಸುತ್ತಿದೆ. ಹುಬ್ಬಳ್ಳಿ ಮೂಲದ ಗುರುರಾಜ ದೇಶಪಾಂಡೆ ಅವರ ಪ್ರತಿಷ್ಠಾನ ಅದೇ ಊರಿನಲ್ಲಿ ಸ್ಟಾರ್ಟ್‌ಅಪ್‌ಗಳಿಗೆ ನೆಲೆ ಮಾಡಿಕೊಟ್ಟಿದೆ.

ಕೇಳಿಸಿಕೊಳ್ಳದೆ ಹೋದರೆ ಏನಾಗುತ್ತದೆಂಬುದಕ್ಕೂ ದೂರ ಹೋಗಬೇಕಿಲ್ಲ. ಆನ್‌ಲೈನ್ ಪಾಠ ಹೇಳುವ ಬೆಂಗಳೂರಿನ ಬೈಜೂಸ್ ಒಂದು ಕಾಲಕ್ಕೆ 22 ಶತಕೋಟಿ ಡಾಲರ್ ಬೆಲೆಯ ಕಂಪನಿ ಎನಿಸಿಕೊಂಡಿತ್ತು. 2023ರ ಜೂನ್‌ನಲ್ಲಿ ದೊಡ್ಡ ಹೂಡಿಕೆದಾರರ ಪ್ರತಿನಿಧಿಗಳು ಆಡಳಿತ ಮಂಡಳಿಗೆ ರಾಜೀನಾಮೆ ಕೊಟ್ಟರು. ತಾವು ಕೊಟ್ಟ ಸಲಹೆಗಳನ್ನು ಕಂಪನಿಯ ನಾಯಕತ್ವ ಪದೇ ಪದೇ ಕಡೆಗಣಿಸಿತು ಎಂದು ಆ ಹೂಡಿಕೆ ಸಂಸ್ಥೆಗಳಲ್ಲೊಂದಾದ ಪ್ರೊಸಸ್ ಮರುತಿಂಗಳು ಬಹಿರಂಗವಾಗಿಯೇ ಹೇಳಿತು. 2024ರ ಜುಲೈನಲ್ಲಿ ಕಂಪನಿ ದಿವಾಳಿ ಪ್ರಕ್ರಿಯೆಯ ಬಾಗಿಲಿಗೆ ಬಂತು. ಅದರ ಪತನಕ್ಕೆ ಸಾಲ, ಆತುರದ ಖರೀದಿ, ಕೋವಿಡ್ ನಂತರದ ಮಾರುಕಟ್ಟೆ ಎಲ್ಲವೂ ಕಾರಣ. ಒಬ್ಬ ಕೋಚ್ ಇದ್ದಿದ್ದರೆ ಎಲ್ಲ ಸರಿಹೋಗುತ್ತಿತ್ತು ಎನ್ನಲಾಗದು. ನೆರವು ಕೇಳುವುದು ತಡವಾದರೂ ಪ್ರಯೋಜನವಿಲ್ಲ ಎಂಬುದನ್ನು ಊಬರ್‌ನ ಸಿಇಒ ಆಗಿದ್ದ ಟ್ರಾವಿಸ್ ಕಲಾನಿಕ್ ಪ್ರಸಂಗ ತೋರಿಸುತ್ತದೆ. 2017ರಲ್ಲಿ ಒಬ್ಬ ಚಾಲಕನೊಡನೆ ಅವರು ಜಗಳಾಡಿದ ವಿಡಿಯೊ ಹೊರಬಿತ್ತು. ನಾನು ಬದಲಾಗಬೇಕು, ನಾಯಕತ್ವದ ವಿಷಯದಲ್ಲಿ ನನಗೆ ನೆರವು ಬೇಕು ಎಂದು ಅವರು ಸಿಬ್ಬಂದಿಗೆ ಬರೆದು ಒಪ್ಪಿಕೊಂಡರು. ಅಷ್ಟರಲ್ಲಿ ತಡವಾಗಿತ್ತು, ನಾಲ್ಕು ತಿಂಗಳೊಳಗೆ ಹುದ್ದೆ ಬಿಡಬೇಕಾಯಿತು.

ಮಲೆನಾಡಿನ ಸ್ಥಾಪಕರ ಕಷ್ಟಗಳಿಗೆ ಇಲ್ಲಿನದೇ ಬಣ್ಣವಿದೆ. ಮೊದಲನೆಯದು ‘ಅಣ್ಣ’. ಊರ ಕಡೆಯ ಕಂಪನಿಯಲ್ಲಿ ಯಜಮಾನನನ್ನು ಹುಡುಗರು ಅಣ್ಣ ಎನ್ನುತ್ತಾರೆ. ಪ್ರೀತಿಯ ಮಾತೇ, ಆದರೆ ಅಣ್ಣನಿಗೆ ಎದುರು ಹೇಳುವುದು ನಮ್ಮಲ್ಲಿ ಸುಲಭವಲ್ಲ. “ಈ ವಾರ ಮುಗಿಯುತ್ತಾ?” ಎಂದರೆ “ಆಯ್ತಣ್ಣ” ಎಂದೇ ಉತ್ತರ. ಮುಗಿಯುವುದಿಲ್ಲವೆಂದು ಇಬ್ಬರಿಗೂ ಗೊತ್ತು. ಎರಡನೆಯದು, ಕೆಲಸಕ್ಕೆ ಸೇರಿದವರು ನೆಂಟರು, ಗೆಳೆಯರು, ಶಾಲೆಯ ಮೇಷ್ಟ್ರ ಮಗ. ಚಿಕ್ಕಪ್ಪನ ಮಗ ಕೆಲಸ ಸರಿಯಾಗಿ ಮಾಡುತ್ತಿಲ್ಲವೆಂದು ಹೇಳಿದರೆ ಅದು ಮುಂದಿನ ಹಬ್ಬದ ಊಟದ ಹೊತ್ತಿಗೆ ಮನೆಯ ಜಗಳವಾಗಿರುತ್ತದೆ. ಹಾಗಾಗಿ ಹೇಳುವುದೇ ಇಲ್ಲ. ಒಳಗೊಳಗೆ ಕುದಿದು ಒಂದು ದಿನ ಎಲ್ಲರೆದುರು ಸಿಡಿಯುತ್ತದೆ. ಬೆಂಗಳೂರಿನ ಕೋಚಿಂಗ್ ಪುಸ್ತಕಗಳಲ್ಲಿ ಈ ಚಿಕ್ಕಪ್ಪನ ಮಗನ ಅಧ್ಯಾಯ ಇಲ್ಲ.

ಮೂರನೆಯದು ಭಾಷೆ. ಹೂಡಿಕೆದಾರರ ಎದುರು ಇಂಗ್ಲಿಷಿನಲ್ಲಿ ಸ್ಲೈಡ್ ತೋರಿಸುವುದನ್ನು ನಮ್ಮ ಹುಡುಗರು, ಹುಡುಗಿಯರು ಹೇಗೋ ಕಲಿತುಬಿಡುತ್ತಾರೆ. ಆದರೆ ಪಾಲುದಾರ ಗೆಳೆಯ ನನ್ನನ್ನು ಕಡೆಗಣಿಸುತ್ತಿದ್ದಾನೆ, ಸಂಬಳದ ದಿನ ಹತ್ತಿರ ಬಂದರೆ ಹೊಟ್ಟೆ ಕಿವುಚಿದ ಹಾಗೆ ಆಗುತ್ತದೆ ಎಂಬುದನ್ನು ಕಲಿತ ಭಾಷೆಯಲ್ಲಿ ಹೇಳಿಕೊಳ್ಳುವುದು ಕಷ್ಟ. ಸಿಟ್ಟು, ಅವಮಾನ, ಭಯ ಹುಟ್ಟುವುದು ಕನ್ನಡದಲ್ಲಿ. ಅದನ್ನು ಬಿಡಿಸಿ ನೋಡುವ ಮಾತೂ ಕನ್ನಡದಲ್ಲೇ ನಡೆಯಬೇಕು. ನಾಯಕತ್ವದ ಕೋಚಿಂಗ್ ಬಹುಪಾಲು ಇಂಗ್ಲಿಷಿನಲ್ಲಿ, ದೊಡ್ಡ ನಗರದಲ್ಲಿ, ದುಬಾರಿ ಶುಲ್ಕಕ್ಕೆ ಸಿಗುವ ಸರಕಾಗಿ ಉಳಿದಿರುವುದು ತಾಲ್ಲೂಕಿನ ಪ್ರತಿಭೆಗೆ ಆಗುತ್ತಿರುವ ದೊಡ್ಡ ನಷ್ಟ.

ಕನ್ನಡದಲ್ಲಿ ಇದನ್ನು ಮಾಡಿ ತೋರಿಸಿದವರು ಇಲ್ಲವೆಂದಲ್ಲ. ಅವರು ತಂತ್ರಜ್ಞಾನದ ಲೋಕದವರಲ್ಲ, ಅಷ್ಟೇ. 1982ರಲ್ಲಿ ಧರ್ಮಸ್ಥಳದ ಡಾ. ಡಿ. ವೀರೇಂದ್ರ ಹೆಗ್ಗಡೆಯವರು ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕ್ ಜೊತೆಗೂಡಿ ಉಜಿರೆಯಲ್ಲಿ ಶುರುಮಾಡಿದ ರುಡ್‌ಸೆಟ್ ಸಂಸ್ಥೆ ಹಳ್ಳಿಯ ನಿರುದ್ಯೋಗಿಗಳಿಗೆ ಸ್ವಉದ್ಯೋಗದ ತರಬೇತಿ ಕೊಡುತ್ತ ಬಂದಿದೆ. ಮುಂದೆ ಕೇಂದ್ರ ಸರ್ಕಾರ ಅದೇ ಮಾದರಿಯನ್ನು ಆರ್‌ಸೆಟಿ ಹೆಸರಿನಲ್ಲಿ ದೇಶದ ಜಿಲ್ಲೆ ಜಿಲ್ಲೆಗೂ ಒಯ್ದಿತು. ಅಲ್ಪಾವಧಿಯ ತರಬೇತಿ, ದೀರ್ಘಾವಧಿಯ ಆಸರೆ ಎಂಬುದು ಅದರ ನೀತಿ. ತರಬೇತಿ ಮುಗಿಸಿ ಹೋದವರನ್ನು ಸಂಸ್ಥೆ ಮರೆಯುವುದಿಲ್ಲ, ಬೆನ್ನು ಹತ್ತಿ ವಿಚಾರಿಸುತ್ತಿರುತ್ತದೆ.

ಇಂಥ ತರಬೇತಿಗಳಲ್ಲಿ ಒಂದು ಆಟವಿದೆ. ಒಬ್ಬನ ಕಣ್ಣಿಗೆ ಬಟ್ಟೆ ಕಟ್ಟಿ, ಎಡಗೈಯಲ್ಲಿ ಮಾತ್ರ ಮರದ ತುಂಡುಗಳನ್ನು ಒಂದರ ಮೇಲೊಂದು ಪೇರಿಸಿ ಗೋಪುರ ಕಟ್ಟಲು ಹೇಳುತ್ತಾರೆ. ಎಷ್ಟು ತುಂಡು ಏರಿಸಬಲ್ಲೆ ಎಂದು ಮೊದಲೇ ಹೇಳಿರಬೇಕು. ಪಕ್ಕದಲ್ಲಿ ನೆರವಿಗೆ ಇಬ್ಬರು. ನೋಡುವವರ ಗಮನ ಗೋಪುರದ ಮೇಲಿರುವುದಿಲ್ಲ, ಆ ಇಬ್ಬರ ಮಾತಿನ ಮೇಲಿರುತ್ತದೆ. ಒಬ್ಬರು “ಸ್ವಲ್ಪ ಬಲಕ್ಕೆ, ಹಾಂ, ಈಗ ಇಳಿಸು” ಎಂದು ಬೇಕಾದಷ್ಟೇ ಹೇಳುತ್ತಾರೆ. ಇನ್ನೊಬ್ಬರಿಗೆ ತಡೆದುಕೊಳ್ಳಲಾಗದೆ ಕೈ ಹಿಡಿದೇ ಇಡಿಸಲು ಹೋಗುತ್ತಾರೆ. ಗೋಪುರ ಬಿದ್ದಾಗ ಯಾರು ಯಾರನ್ನು ಬಯ್ಯುತ್ತಾರೆಂಬುದೂ ಅಲ್ಲೇ ಬಯಲಾಗುತ್ತದೆ. ಆಟ ಮುಗಿದ ಮೇಲೆ ಅದರ ಬಗ್ಗೆ ನಡೆಯುವ ಚರ್ಚೆಯೇ ಪಾಠ. ಇದರ ಹಿಂದೆ ಇರುವುದು ಹಾರ್ವರ್ಡ್‌ನ ಮನಃಶಾಸ್ತ್ರಜ್ಞ ಡೇವಿಡ್ ಮೆಕ್‌ಕ್ಲೆಲೆಂಡ್ ಚಿಂತನೆ. 1964ರಲ್ಲಿ ಅವರ ತಂಡ ಆಂಧ್ರದ ಕಾಕಿನಾಡದ ಸಣ್ಣ ವ್ಯಾಪಾರಿಗಳಿಗೆ ಸಾಧನೆಯ ಹಂಬಲ ಬೆಳೆಸುವ ತರಬೇತಿ ಕೊಟ್ಟು, ಉದ್ಯಮಶೀಲತೆಯನ್ನು ಕಲಿಸಬಹುದು ಎಂದು ತೋರಿಸಿತ್ತು. ಹಪ್ಪಳ, ಹೊಲಿಗೆ, ಮೊಬೈಲ್ ರಿಪೇರಿಯವರಿಗೆ ದಶಕಗಳಿಂದ ಕನ್ನಡದಲ್ಲಿ ಕೊಡುತ್ತಿರುವ ಈ ಪಾಠವನ್ನು ಸಾಫ್ಟ್‌ವೇರ್ ಹುಡುಗರಿಗೆ ಯಾರೂ ಕೊಡುತ್ತಿಲ್ಲವೆಂದರೆ ಅದು ಬರಿ ಅಲಕ್ಷ್ಯ.

ಮಲೆನಾಡಿನವರು ದೊಡ್ಡ ಕಂಪನಿ ಕಟ್ಟಬಲ್ಲರೇ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಾಗಿದೆ. 2010ರಲ್ಲಿ ಷೇರು ವಹಿವಾಟಿನ ಕಂಪನಿ ಜೆರೋಧ ಕಟ್ಟಿದ ನಿತಿನ್ ಕಾಮತ್ ಹುಟ್ಟಿದ್ದು ಶಿವಮೊಗ್ಗದಲ್ಲಿ. ಹೊರಗಿನ ಹೂಡಿಕೆ ಪಡೆಯದೆ ಬೆಳೆದ ಕಂಪನಿ ಅದು. ಈಗ ರೈನ್‌ಮ್ಯಾಟರ್ ಎಂಬ ತನ್ನ ಹೂಡಿಕೆ ನಿಧಿಯ ಮೂಲಕ ಬೇರೆ ಸ್ಟಾರ್ಟ್‌ಅಪ್‌ಗಳ ಬೆನ್ನಿಗೂ ನಿಂತಿದೆ. ಚಿಕ್ಕಮಗಳೂರು ಜಿಲ್ಲೆಯ ಆಲ್ದೂರಿನ ಅವೈಸ್ ಅಹಮದ್ ಗೆಳೆಯನೊಡನೆ 2019ರಲ್ಲಿ ಆರಂಭಿಸಿದ ಪಿಕ್ಸೆಲ್ ಇಂದು ಭೂಮಿಯ ಚಿತ್ರ ತೆಗೆಯುವ ಉಪಗ್ರಹಗಳನ್ನು ಹಾರಿಸುತ್ತಿದೆ; ಆರಂಭದ ವರ್ಷವೇ ಆ ತಂಡ ಅಮೆರಿಕದ ಟೆಕ್‌ಸ್ಟಾರ್ಸ್ ಆಕ್ಸಿಲರೇಟರ್‌ಗೆ ಹೋಗಿ ಬಂದಿತ್ತು. ಶಿವಮೊಗ್ಗದಲ್ಲಿ 1980ರಿಂದ ಜೆಎನ್‌ಎನ್ ಇಂಜಿನಿಯರಿಂಗ್ ಕಾಲೇಜಿದೆ, 2023ರಿಂದ ವಿಮಾನ ನಿಲ್ದಾಣವೂ ಇದೆ. ರಾಜ್ಯ ಸರ್ಕಾರದ ಎಲಿವೇಟ್ ಯೋಜನೆ 2017ರಿಂದ ಆಯ್ದ ಸ್ಟಾರ್ಟ್‌ಅಪ್‌ಗಳಿಗೆ ಗರಿಷ್ಠ 50 ಲಕ್ಷ ರೂಪಾಯಿವರೆಗೆ ಅನುದಾನ ಕೊಡುತ್ತಿದೆ. ‘ಬಿಯಾಂಡ್ ಬೆಂಗಳೂರು’ ಹೆಸರಿನಲ್ಲಿ ರಾಜಧಾನಿಯ ಆಚೆಗೂ ಉದ್ಯಮ ಹಬ್ಬಿಸುವ ಮಾತು ನಡೆದಿದೆ. ಹಣಕ್ಕೆ ದಾರಿಯಿದೆ, ತಂತ್ರಜ್ಞಾನ ಕಲಿಸಲು ಕಾಲೇಜಿದೆ. ಜನರನ್ನು ನಡೆಸುವುದು ಹೇಗೆಂದು ಕಲಿಸಲು ಅಷ್ಟೇ ಗಟ್ಟಿಯಾದ ಏರ್ಪಾಡು ಬೇಕು.

ಹಾಗೆಂದು ಕೋಚ್ ಬೋರ್ಡ್ ಹಾಕಿಕೊಂಡವರೆಲ್ಲರ ಬಾಗಿಲು ತಟ್ಟುವಂತಿಲ್ಲ. ನಮ್ಮ ದೇಶದಲ್ಲಿ ವೈದ್ಯರಿಗೆ, ವಕೀಲರಿಗೆ ಇರುವಂಥ ಪರವಾನಗಿ ಈ ವೃತ್ತಿಗಿಲ್ಲ. 1995ರಲ್ಲಿ ಹುಟ್ಟಿದ ಇಂಟರ್‌ನ್ಯಾಷನಲ್ ಕೋಚಿಂಗ್ ಫೆಡರೇಷನ್ ಮೂರು ಹಂತದ ಮಾನ್ಯತೆ ಕೊಡುತ್ತದೆ. ಅದಕ್ಕೆ ತರಬೇತಿಯ ಜೊತೆಗೆ ಕನಿಷ್ಠ 100, 500, 2,500 ಗಂಟೆಗಳ ಕೋಚಿಂಗ್ ಅನುಭವ ಬೇಕು. ಮಾನ್ಯತೆ ಇದೆಯೇ ಎಂದು ಕೇಳುವುದು ತಪ್ಪಲ್ಲ. ಕಂಪನಿಯಲ್ಲಿ ಷೇರು ಕೇಳುವ ಕೋಚ್, ಮೊದಲ ಭೇಟಿಯಲ್ಲೇ ಮೂರು ತಿಂಗಳಲ್ಲಿ ವ್ಯವಹಾರ ದುಪ್ಪಟ್ಟು ಮಾಡಿಕೊಡುತ್ತೇನೆನ್ನುವ ಕೋಚ್, ನೀವು ಮಾತಾಡುವುದಕ್ಕಿಂತ ಹೆಚ್ಚು ತಾನೇ ಮಾತಾಡುವ ಕೋಚ್: ಈ ಮೂವರಿಂದ ದೂರವಿರುವುದು ಒಳ್ಳೆಯದು.

ಇನ್ನೂ ಮುಖ್ಯವಾದ ಎಚ್ಚರಿಕೆಯೊಂದಿದೆ. ಕೋಚಿಂಗ್ ಚಿಕಿತ್ಸೆಯಲ್ಲ. ನಿದ್ದೆ ಹತ್ತದಿರುವುದು, ಯಾವುದರಲ್ಲೂ ಆಸಕ್ತಿ ಉಳಿಯದಿರುವುದು, ಬದುಕೇ ಬೇಡ ಅನ್ನಿಸುವುದು ಕಂಡರೆ ಹೋಗಬೇಕಾದದ್ದು ವೈದ್ಯರ ಬಳಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕನ್ನಡದಲ್ಲೇ, ಉಚಿತವಾಗಿ, ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು. ದೇಹದ ಮಾತೂ ಹಾಗೆಯೇ. ದಿನಾ ವ್ಯಾಯಾಮ ಮಾಡುವ, ಗಟ್ಟಿಮುಟ್ಟಾದ ನಿತಿನ್ ಕಾಮತ್ ತಮಗೆ ಲಘು ಪಾರ್ಶ್ವವಾಯು ಆಗಿತ್ತೆಂದು 2024ರ ಫೆಬ್ರುವರಿಯಲ್ಲಿ ಬಹಿರಂಗವಾಗಿ ಹೇಳಿಕೊಂಡರು. ತಂದೆಯ ಅಗಲಿಕೆ, ಸರಿಯಿಲ್ಲದ ನಿದ್ದೆ, ಆಯಾಸ ಮುಂತಾದವು ಕಾರಣವಿರಬಹುದು ಎಂದರು. ಅಷ್ಟು ದೊಡ್ಡ ಕಂಪನಿಯ ಮುಖ್ಯಸ್ಥರು ಇದನ್ನು ಮುಚ್ಚಿಡದೆ ಹೇಳಿದ್ದರಿಂದ ಎಷ್ಟೋ ಯುವ ಉದ್ಯಮಿಗಳಿಗೆ ತಮ್ಮ ದಣಿವನ್ನು ಒಪ್ಪಿಕೊಳ್ಳುವ ಧೈರ್ಯ ಬಂದಿದ್ದರೆ ಅದು ದೊಡ್ಡ ಉಪಕಾರ.

ದುಬಾರಿ ಕೋಚ್ ಕೈಗೆಟುಕದವರು ಏನು ಮಾಡಬೇಕು? ಮೈಸೂರಿನ ಪ್ರಯೋಗದಲ್ಲಿ ಸಲಹೆ ಕೊಟ್ಟವರು ವೃತ್ತಿಪರ ಕೋಚ್‌ಗಳಾಗಿರಲಿಲ್ಲ, ಇನ್ನೊಂದು ಕಂಪನಿಯ ಸ್ಥಾಪಕರೇ ಆಗಿದ್ದರು ಎಂಬುದನ್ನು ಇಲ್ಲಿ ಮತ್ತೆ ನೆನೆಯಬೇಕು. ಆಂಟ್ರಪ್ರಿನರ್ಸ್ ಆರ್ಗನೈಸೇಷನ್ ಎಂಬ ಜಾಗತಿಕ ಸಂಘ 1987ರಿಂದ ಉದ್ಯಮಿಗಳನ್ನು ಸೇರಿಸುತ್ತಿದೆ. ಅದರೊಳಗಿನ ಸಣ್ಣ ಗುಂಪುಗಳಲ್ಲಿ ಒಂದು ಕಟ್ಟಳೆ ಇದೆ: ಯಾರೂ ‘ನೀನು ಹೀಗೆ ಮಾಡು’ ಎನ್ನುವಂತಿಲ್ಲ, ‘ನನಗೆ ಹೀಗಾಗಿತ್ತು, ನಾನು ಹೀಗೆ ಮಾಡಿದೆ’ ಎಂದಷ್ಟೇ ಹೇಳಬೇಕು. ಅಲ್ಲಿ ಕೇಳಿದ್ದು ಹೊರಗೆ ಹೋಗಬಾರದು. ಇಂಥ ಕೂಟ ನಮ್ಮ ಊರಿಗೂ ಹೊಸತಲ್ಲ. ವಾರವಾರ ಸೇರಿ ಲೆಕ್ಕ ಒಪ್ಪಿಸುವ, ಸರದಿಯ ಮೇಲೆ ಮುಂದಾಳತ್ವ ವಹಿಸುವ ಸ್ತ್ರೀಶಕ್ತಿ ಸಂಘಗಳು ಶಿಕಾರಿಪುರ, ಸೊರಬದ ಊರೂರಲ್ಲಿ ಇವೆ. ತಮ್ಮ ತಾಯಂದಿರು ನಡೆಸುವ ಇಂಥ ಸಭೆಗಳನ್ನು ನೋಡಿ ಬೆಳೆದ ಹುಡುಗರಿಗೆ ತಮ್ಮದೊಂದು ಕೂಟ ನಡೆಸುವುದು ಅಪರಿಚಿತ ಕೆಲಸವಾಗಲಾರದು.

ಶಿಕಾರಿಪುರ, ಸೊರಬ, ಸಾಗರ, ಹೊಸನಗರದ ಆರೇಳು ಸ್ಥಾಪಕರು ತಿಂಗಳಿಗೊಂದು ಭಾನುವಾರ ಸೇರಿದರೆ ಶುರುವಿಗೆ ಸಾಕು. ಒಂದು ತಿಂಗಳು ಶಿಕಾರಿಪುರದಲ್ಲಿ, ಇನ್ನೊಂದು ತಿಂಗಳು ಸೊರಬದಲ್ಲಿ. ಒಬ್ಬರಿಗೆ ಇಪ್ಪತ್ತು ನಿಮಿಷ, ಒಂದೇ ವಿಷಯ: ಈ ತಿಂಗಳು ನನ್ನ ಜನರ ಜೊತೆ ನಾನು ತಪ್ಪಿದ್ದು ಎಲ್ಲಿ? ಮುಂದಿನ ಸಲ ಬರುವಾಗ ಒಪ್ಪಿಕೊಂಡ ಕೆಲಸ ಮಾಡಿದೆಯಾ ಇಲ್ಲವಾ ಎಂದು ಹೇಳಬೇಕು. ಸಿಬ್ಬಂದಿಯಲ್ಲಿ ಪ್ರತಿಯೊಬ್ಬರ ಜೊತೆ ವಾರಕ್ಕೆ ಅರ್ಧ ಗಂಟೆ ಬಾಗಿಲು ಮುಚ್ಚಿ ಕೂತು ಮಾತಾಡುವುದು, ಆ ಹೊತ್ತಿನಲ್ಲಿ ಫೋನು ಮುಟ್ಟದಿರುವುದು, ಅವರು ಹೇಳುವುದನ್ನು ಮೊದಲು ಕೇಳುವುದು: ಮೊದಲ ಮೂರು ತಿಂಗಳಿಗೆ ಈ ಒಂದು ಅಭ್ಯಾಸ ಹಿಡಿದರೂ ಆದೀತು. ಇಪ್ಪತ್ತೆಂಟು ಜನರಿದ್ದರೆ ಎಲ್ಲರಿಗೂ ಸಮಯ ಸಾಲುವುದಿಲ್ಲ. ಆಗ ಯಾರ ಯಾರ ಜೊತೆ ತಾನು ಕೂರಬೇಕು, ಉಳಿದವರ ಜೊತೆ ಯಾರು ಕೂರಬೇಕು ಎಂದು ಪಟ್ಟಿ ಮಾಡುವಾಗಲೇ ಕಂಪನಿಗೆ ಎರಡನೆಯ ಸಾಲಿನ ಮುಂದಾಳುಗಳು ಯಾರೆಂಬುದು ನಿಚ್ಚಳವಾಗುತ್ತದೆ. ಇಂಥ ಕೂಟಕ್ಕೆ ಜಾಗ ಕೊಡುವುದು ಊರಿನ ಯಾವ ಕಾಲೇಜಿಗೂ ಹೊರೆಯಲ್ಲ. ಕನ್ನಡದಲ್ಲಿ ನಡೆಸಿಕೊಡಬಲ್ಲ ಒಬ್ಬ ತರಬೇತುದಾರರನ್ನು ಮೂರು ತಿಂಗಳಿಗೊಮ್ಮೆ ಕಳಿಸುವ ಕೆಲಸವನ್ನು ಜಿಲ್ಲಾ ಕೈಗಾರಿಕಾ ಕೇಂದ್ರವೋ, ಧಾರವಾಡದಲ್ಲಿ 1992ರಿಂದ ಇರುವ ಉದ್ಯಮಶೀಲತಾಭಿವೃದ್ಧಿ ಕೇಂದ್ರ ಸಿಡಾಕೋ ವಹಿಸಿಕೊಳ್ಳಬಹುದು.